ನೆಲಮಾಳಿಗೆಯ ತೇವಕ್ಕೆ ಯಂತ್ರ ತರುವ ಮುನ್ನ

ಪ್ರಶ್ನೆ: ಮಡಿಕೇರಿಯ ಇಳಿಜಾರು ನಿವೇಶನದಲ್ಲಿ ಕಟ್ಟಿಸಿದ ಮನೆ ನಮ್ಮದು. ರಸ್ತೆಯ ಮಟ್ಟದಲ್ಲಿ ವಾಸದ ಮನೆಯಿದ್ದು, ಅದರ ಕೆಳಗೆ ಬರೆ (ಇಳಿಜಾರಿನ ಕಡಿದಾದ ಮಣ್ಣಿನ ಗೋಡೆ) ಕಡಿದು ಮಾಡಿದ ಒಂದು ಕೋಣೆಯಿದೆ. 16 ಅಡಿ ಉದ್ದ, 13 ಅಡಿ ಅಗಲ, 9 ಅಡಿ ಎತ್ತರದ ಈ ಕೋಣೆಯ ಎರಡು ಗೋಡೆಗಳ ಹಿಂದೆ ಮಣ್ಣೇ ಇದೆ. ನಮ್ಮ ತಂದೆಯವರ ಪುಸ್ತಕಗಳು, ಹಳೆಯ ಬೀಟೆಮರದ ಪೆಟ್ಟಿಗೆಗಳು, ಮಗಳ ಓದುವ ಮೇಜು ಎಲ್ಲವೂ ಅಲ್ಲಿವೆ. ಆರಿದ್ರಾ ಮಳೆ ಹಿಡಿದಾಗಿನಿಂದ ಮಘೆ ಮಳೆ ಮುಗಿಯುವವರೆಗೂ ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ ಮೇಲಿನ ಮನೆಗೂ ಬರುತ್ತದೆ, ಗೋಡೆಯ ಬುಡದಲ್ಲಿ ಬಣ್ಣ ಏಳುತ್ತಿದೆ. ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಯಂತ್ರ ತರೋಣವೆಂದರೆ, ಅಂಗಡಿಯವರು ದಿನಕ್ಕೆ 20 ಲೀಟರ್ ತೆಗೆಯುವ ಯಂತ್ರ ಸಾಕೆನ್ನುತ್ತಾರೆ. ಮಗ ಆನ್‌ಲೈನ್‌ನಲ್ಲಿ ತೀರ ಅಗ್ಗದ, ಪುಟ್ಟ ಯಂತ್ರವೊಂದನ್ನು ತೋರಿಸುತ್ತಿದ್ದಾನೆ. ಯಾವುದನ್ನು ಕೊಳ್ಳಬೇಕು, ಹೇಗೆ ಅಳವಡಿಸಬೇಕು, ವಿದ್ಯುತ್ ಬಿಲ್ ಎಷ್ಟಾದೀತು ಎಂದು ದಯವಿಟ್ಟು ತಿಳಿಸಿ.
— ಮಡಿಕೇರಿಯ ಓದುಗರೊಬ್ಬರು

ಉತ್ತರ: ನೀವು ಯಂತ್ರದ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಗೋಡೆಯ ಬುಡದಲ್ಲಿ ಬಣ್ಣ ಏಳುತ್ತಿದೆ ಎಂಬ ಮಾತಿನ ಕಡೆಗೆ. ಇಂಥ ಕೋಣೆಗೆ ನೀರು ಎರಡು ದಾರಿಯಿಂದ ಬರುತ್ತದೆ. ಮಣ್ಣಿನಲ್ಲಿ ತುಂಬಿಕೊಂಡ ನೀರು ಗೋಡೆಯ ಮೂಲಕ ಒಸರುವುದು ಒಂದು, ಮಳೆಗಾಲದ ಹೊರಗಿನ ಗಾಳಿ ಹೊತ್ತು ತರುವ ನೀರಾವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುವುದು ಇನ್ನೊಂದು. ಡಿಹ್ಯುಮಿಡಿಫೈಯರ್ ಇರುವುದು ಎರಡನೆಯದಕ್ಕೆ. ಮೊದಲನೆಯದನ್ನು ತಡೆಯದೆ ಯಂತ್ರ ಓಡಿಸಿದರೆ, ಅದು ಬರೆಯಲ್ಲಿರುವ ನೀರನ್ನು ಗೋಡೆಯ ಮೂಲಕ ಸೆಳೆದು ತೆಗೆಯುವ ಕೆಲಸವನ್ನು ಮಳೆಗಾಲ ಪೂರ್ತಿ ಮಾಡುತ್ತಲೇ ಇರಬೇಕಾಗುತ್ತದೆ. ಆ ನೀರಿನ ಜೊತೆಗೆ ಬರುವ ಲವಣಗಳು ಗಾರೆಯ ಮೇಲ್ಮೈಯಲ್ಲಿ ಹರಳುಗಟ್ಟಿ ಬಿಳಿ ಪುಡಿಯಾಗಿ, ಗಾರೆಯನ್ನೇ ಉದುರಿಸುತ್ತವೆ.

ನಿಮ್ಮಲ್ಲಿ ಯಾವ ದಾರಿಯ ನೀರು ಹೆಚ್ಚಿದೆಯೆಂದು ತಿಳಿಯಲು ಸುಲಭದ ಉಪಾಯವಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿನ ಕಡೆಯ ಗೋಡೆಗೆ ನಾಲ್ಕೂ ಅಂಚಿನಲ್ಲಿ ಗಾಳಿ ನುಸುಳದಂತೆ ಟೇಪಿನಿಂದ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಗೆ ತಾಗಿದ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ನೀರು. ಎರಡೂ ಕಡೆ ಒದ್ದೆಯಾಗುವುದೂ ಉಂಟು, ಮಡಿಕೇರಿಯಂಥ ಊರಿನಲ್ಲಿ ಅದೇ ಹೆಚ್ಚು. ಇದೇ ಪರೀಕ್ಷೆಯನ್ನು ಮಾರ್ಚಿಯಲ್ಲೂ ಒಮ್ಮೆ ಮಾಡಿ. ಬೇಸಿಗೆಯಲ್ಲೂ ಹಾಳೆಯ ಹಿಂದೆ ಹನಿ ನಿಂತರೆ ಕಾರಣ ಮಳೆಯಲ್ಲ. ಅಂಗಳದಲ್ಲಿ ಹೂತ ನೀರಿನ ಸಂಪ್, ನಲ್ಲಿಯ ಪೈಪು ಅಥವಾ ಶೌಚದ ಗುಂಡಿ ಎಲ್ಲೋ ಸೋರುತ್ತಿರಬೇಕು. ಸಂಪ್ ತುಂಬಿಸಿ, ನೀರು ಬಳಸದೆ ಒಂದು ರಾತ್ರಿ ಬಿಟ್ಟು ಮಟ್ಟ ಇಳಿಯಿತೇ ಎಂದು ಗುರುತು ಹಾಕಿ ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ.

ಗೋಡೆಯಿಂದ ನೀರು ಬರುತ್ತಿದ್ದರೆ ಹುಡುಕಬೇಕಾದದ್ದು ಗೋಡೆಯ ಹಿಂದೆ, ಮೇಲೆ. ನಿಮ್ಮ ಕೋಣೆ ರಸ್ತೆಗಿಂತ ಕೆಳಗಿರುವುದರಿಂದ ರಸ್ತೆ ಬದಿಯ ಚರಂಡಿ ಬಿರಿದಿದ್ದರೂ, ಹೂಳು ತುಂಬಿ ನಿಂತಿದ್ದರೂ ಅದರ ನೀರು ಇಳಿಯುವುದು ನಿಮ್ಮ ಗೋಡೆಯ ಕಡೆಗೇ. ಸೂರಿನ ನೀರು ದಂಬೆಯಿಂದ ಬಿದ್ದು ಗೋಡೆಯ ಪಕ್ಕದಲ್ಲೇ ಇಂಗುತ್ತಿದ್ದರೆ, ಅದನ್ನು ಪೈಪಿನಲ್ಲಿ ಮನೆಯ ತಗ್ಗಿನ ಬದಿಗೆ ದೂರ ಸಾಗಿಸಬೇಕು. ಅಂಗಳದ ನೆಲ ಗೋಡೆಯ ಕಡೆಗೆ ಇಳಿಜಾರಾಗಿದ್ದರೆ ಅದನ್ನು ತಿರುಗಿಸಬೇಕು. ಇಷ್ಟು ಮಾಡಿದರೆ ಸಾಕಾಗುವ ಮನೆಗಳೇ ಬಹಳ. ಸಾಲದಿದ್ದರೆ ಗೋಡೆಯ ಹೊರಮೈಗೆ ಜಲನಿರೋಧಕ ಲೇಪ ಹಾಕಿ, ಬುಡದಲ್ಲಿ ಜಲ್ಲಿ ಮತ್ತು ರಂಧ್ರಗಳಿರುವ ಪೈಪು ಹಾಕಿ ನೀರನ್ನು ಬಸಿದು ಹೊರಡಿಸುವ ಕೆಲಸವಾಗಬೇಕು. ಅದನ್ನು ಮಳೆ ನಿಂತು ಮಣ್ಣು ಒಣಗಿದ ತಿಂಗಳುಗಳಲ್ಲಿ, ಸಿವಿಲ್ ಎಂಜಿನಿಯರ್ ಒಬ್ಬರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಿಸಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದುದನ್ನು ಕಂಡವರಿಗೆ ಬರೆಯ ಬುಡ ಕೆದಕುವುದರ ಅಪಾಯವನ್ನು ಹೇಳಬೇಕಾಗಿಲ್ಲ. (ನಮ್ಮ ಶಿವಮೊಗ್ಗದ ಕಡೆ ಇದನ್ನೇ ಧರೆ ಎನ್ನುತ್ತೇವೆ, ಹೆಸರು ಬೇರೆಯಾದರೂ ಭಯ ಒಂದೇ.) ಗೋಡೆ ಒಳಕ್ಕೆ ಉಬ್ಬಿದ್ದರೆ, ಅಡ್ಡಲಾಗಿ ಬಿರುಕು ಬಿಟ್ಟಿದ್ದರೆ ಅಥವಾ ಕೆಸರು ನೀರು ಬರುತ್ತಿದ್ದರೆ ಮೊದಲು ಮಗಳ ಮೇಜನ್ನು ಮೇಲಕ್ಕೆ ತನ್ನಿ, ಎಂಜಿನಿಯರನ್ನು ಕರೆಸಿ. ಅದು ತೇವದ ಪ್ರಶ್ನೆಯಲ್ಲ, ಗೋಡೆ ನಿಲ್ಲುವ ಪ್ರಶ್ನೆ.

ಒಳಗಿನಿಂದ ಎಣ್ಣೆ ಬಣ್ಣ ಬಳಿದು ತೇವ ಮುಚ್ಚುವ ಕೆಲಸವನ್ನು ಮಾಡಿಸಬೇಡಿ. ಒಂದು ಮಳೆಗಾಲ ಚೆನ್ನಾಗಿ ಕಾಣಿಸಿದರೂ ಮುಂದಿನ ಮಳೆಗಾಲದಲ್ಲಿ ಬಣ್ಣ ಗುಳ್ಳೆಯೆದ್ದು, ಹಾಳೆಹಾಳೆಯಾಗಿ ಕಿತ್ತು ಬರುತ್ತದೆ.

ಇನ್ನು ಗಾಳಿಯ ನೀರಿನ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಯಂತ್ರದ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಆ ಮಿತಿಯ ಎಷ್ಟು ಪಾಲು ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಪುಷ್ಯ ಮಳೆ ಸುರಿಯುವಾಗ ನಿಮ್ಮ ಊರಿನಲ್ಲಿ ಅದು ಶೇ 95ರ ಆಸುಪಾಸಿನಲ್ಲಿರುತ್ತದೆ. ಬೂಷ್ಟು ಬೆಳೆಯದಿರಬೇಕಾದರೆ ಅದನ್ನು ಶೇ 60ಕ್ಕಿಂತ ಕೆಳಗೆ, ಪುಸ್ತಕಗಳಿರುವ ಕೋಣೆಯಲ್ಲಿ 55ರ ಸುಮಾರಿಗೆ ಇಡಬೇಕು. ನಿಮ್ಮ ಕೋಣೆಯ ಗಾತ್ರ ಸುಮಾರು 53 ಘನ ಮೀಟರ್. ಶೇ 95ರಿಂದ 55ಕ್ಕೆ ಇಳಿಸಲು ಆ ಗಾಳಿಯಿಂದ ತೆಗೆಯಬೇಕಾದ ನೀರು ಎಷ್ಟು ಗೊತ್ತೇ? ಹೆಚ್ಚುಕಡಿಮೆ 400 ಮಿಲಿಲೀಟರ್, ಅಂದರೆ ಎರಡು ಲೋಟ. ಇಷ್ಟಕ್ಕೆ 20 ಲೀಟರಿನ ಯಂತ್ರವೇಕೆ ಎಂದು ಅನಿಸಬಹುದು. ಆದರೆ ಕಿಟಕಿ, ಬಾಗಿಲಿನ ಸಂದುಗಳಿಂದ ಕೋಣೆಯ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾಗುತ್ತಿದ್ದರೆ, ಆ ಎರಡು ಲೋಟ ನೀರು ಗಂಟೆಗಂಟೆಗೂ ಹೊಸದಾಗಿ ಒಳಗೆ ಬರುತ್ತದೆ, ದಿನಕ್ಕೆ 10 ಲೀಟರ್ ಆಗುತ್ತದೆ. ಗೋಡೆ, ಪುಸ್ತಕ, ಮರ, ಹಾಸಿಗೆ ಹೀರಿಕೊಂಡಿರುವುದು ಇದಕ್ಕೆ ಸೇರುತ್ತದೆ. ಗಾಳಿಯಾಡಲಿ ಎಂದು ಕಿಟಕಿ ತೆರೆದಿಡುವುದು ಬೇಸಿಗೆಯಲ್ಲಿ ಒಳ್ಳೆಯ ಅಭ್ಯಾಸ, ಮಳೆಗಾಲದಲ್ಲಿ ಅದೇ ತೇವದ ಮೂಲ. ಆದ್ದರಿಂದ ಯಂತ್ರಕ್ಕೆ ದುಡ್ಡು ಕೊಡುವ ಮೊದಲು ಕಿಟಕಿಯ ಚೌಕಟ್ಟಿನ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲಿನ ಅಡಿಯ ಸಂದು ಮುಚ್ಚಿ, ಹಳೆಯ ಗವಾಕ್ಷಿಗಳಿಗೆ ಮಳೆಗಾಲದ ಮಟ್ಟಿಗೆ ಹಲಗೆಯ ಮುಚ್ಚಳ ಮಾಡಿಸಿ. ಬಟ್ಟೆಯನ್ನು ಆ ಕೋಣೆಯಲ್ಲಿ ಒಣಹಾಕಲೇಬೇಡಿ. ಆದರೆ ಕಟ್ಟಿಗೆ ಅಥವಾ ಗ್ಯಾಸ್ ಒಲೆ ಉರಿಯುವ ಕೋಣೆಯನ್ನು ಹೀಗೆ ಬಿಗಿಯಾಗಿ ಮುಚ್ಚಬಾರದು, ಪ್ರಾಣಾಪಾಯವಿದೆ.

ಅಂಗಡಿಯವರು ಹೇಳುವ 20 ಲೀಟರ್ ಎಂಬ ಸಂಖ್ಯೆಯನ್ನು ಹಾಗೆಯೇ ನಂಬಬೇಡಿ. ನಮ್ಮಲ್ಲಿ ಮಾರುವ ಅನೇಕ ಯಂತ್ರಗಳ ಮೇಲೆ ಬರೆದಿರುವ ಅಳತೆ 30 ಡಿಗ್ರಿ ಉಷ್ಣತೆ, ಶೇ 80 ಆರ್ದ್ರತೆ ಇರುವ ಕೋಣೆಯದು. ಡಬ್ಬದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ನಮೂದಿಸಿರುತ್ತಾರೆ. ಗಾಳಿ ತಣ್ಣಗಾದಂತೆ, ಒಣಗಿದಂತೆ ಯಂತ್ರ ತೆಗೆಯುವ ನೀರು ಕಡಿಮೆಯಾಗುತ್ತದೆ; 20–22 ಡಿಗ್ರಿಯ ನಿಮ್ಮ ಕೋಣೆಯಲ್ಲಿ, ಶೇ 60ರ ಹತ್ತಿರ ಬಂದಾಗ, ಬರೆದದ್ದರ ಅರ್ಧಕ್ಕಿಂತಲೂ ಕಡಿಮೆಯೆಂದೇ ಎಣಿಸುವುದು ಕ್ಷೇಮ. ಹಾಗಾಗಿ 30 ಲೀಟರ್ ಅಳತೆಯ ಕಂಪ್ರೆಸರ್ ಯಂತ್ರ ನಿಮಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಚಿಕ್ಕ ಯಂತ್ರ ದಿನವಿಡೀ ಬಿಡುವಿಲ್ಲದೆ ಓಡುವುದಕ್ಕಿಂತ ತುಸು ದೊಡ್ಡದು ನಿಂತು ನಿಂತು ಓಡುವುದು ಮೇಲು.

ಕಂಪ್ರೆಸರ್ ಯಂತ್ರ ಫ್ರಿಜ್ಜಿನ ತತ್ವದ್ದು. ಗಾಳಿಯನ್ನು ತಣ್ಣನೆಯ ಸುರುಳಿಯ ಮೇಲೆ ಹಾಯಿಸಿ ನೀರನ್ನು ಹನಿಯಾಗಿಸಿ, ಅದೇ ಗಾಳಿಯನ್ನು ಬಿಸಿ ಸುರುಳಿಯ ಮೇಲಿನಿಂದ ಹೊರಗೆ ಬಿಡುತ್ತದೆ. ಕೋಣೆ ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಿ ಇದು ದೋಷವಲ್ಲ, ಅನುಕೂಲ. ರಾತ್ರಿಯ ಚಳಿಯಲ್ಲಿ ಸುರುಳಿಗೆ ಮಂಜು ಕಟ್ಟಿದರೆ ತಾನೇ ಕರಗಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿ ಕೊಳ್ಳಿ. ಇನ್ನೊಂದು ಬಗೆಯಲ್ಲಿ ಸಿಲಿಕಾ ಜೆಲ್ ಅಥವಾ ಜಿಯೊಲೈಟ್ ಇರುವ ಚಕ್ರ ತಿರುಗುತ್ತ ನೀರಾವಿಯನ್ನು ಹೀರುತ್ತದೆ, ಅದನ್ನು ಹೀಟರ್ ಒಣಗಿಸುತ್ತದೆ. ತೀರ ತಣ್ಣನೆಯ ಜಾಗಕ್ಕೆ ಅದು ಉತ್ತಮ, ಆದರೆ ಕರೆಂಟು ಹೆಚ್ಚು ಬೇಕು. ಮಗ ತೋರಿಸಿದ ಅಗ್ಗದ ಪುಟ್ಟ ಯಂತ್ರ ಬಹುಶಃ ಪೆಲ್ಟಿಯರ್ ಬಗೆಯದು, ಅಂದರೆ ಕಂಪ್ರೆಸರ್ ಇಲ್ಲದೆ, ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗುವ ಸಣ್ಣ ಬಿಲ್ಲೆಯಿಂದ ಕೆಲಸ ಮಾಡುವಂಥದ್ದು. ಅವುಗಳಲ್ಲಿ ಹೆಚ್ಚಿನವು ದಿನಕ್ಕೆ ಕೆಲವು ನೂರು ಮಿಲಿಲೀಟರ್ ತೆಗೆಯುವಂಥವು. ಮುಚ್ಚಿದ ಕಪಾಟಿಗೆ ಆದೀತು, ಕೋಣೆಗೆ ಖಂಡಿತ ಆಗದು.

ಅಳವಡಿಸುವಾಗ ಯಂತ್ರವನ್ನು ಸಮತಟ್ಟು ನೆಲದಲ್ಲಿ, ಗೋಡೆಯಿಂದ ಒಂದಡಿ ದೂರದಲ್ಲಿ, ಗಾಳಿ ಎಳೆಯುವ ಮತ್ತು ಬಿಡುವ ಮುಖಗಳಿಗೆ ಅಡ್ಡ ಬರದಂತೆ ಇಡಿ. ವಾಹನದಲ್ಲಿ ಮಲಗಿಸಿ ತಂದಿದ್ದರೆ ನೇರವಾಗಿ ನಿಲ್ಲಿಸಿ, ಒಂದು ದಿನ ಬಿಟ್ಟು ಚಾಲೂ ಮಾಡಿ. ಕಂಪ್ರೆಸರಿನ ಎಣ್ಣೆ ಅದರ ಜಾಗಕ್ಕೆ ಇಳಿಯಲು ಸಮಯ ಬೇಕು. ಪುಸ್ತಕದ ಕಪಾಟುಗಳನ್ನು ಮಣ್ಣಿನ ಕಡೆಯ ಗೋಡೆಗಳಿಂದ ತೆಗೆದು ಇನ್ನೊಂದು ಗೋಡೆಗೆ, ಅಲ್ಲಿಯೂ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿ. ಯಂತ್ರದೊಳಗಿನ ನೀರಿನ ತೊಟ್ಟಿ ಸಾಮಾನ್ಯವಾಗಿ ನಾಲ್ಕೈದು ಲೀಟರಿನದು, ತುಂಬಿದೊಡನೆ ಯಂತ್ರ ನಿಂತುಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ತುಂಬಿದರೆ ಬೆಳಗಿನವರೆಗೆ ಕೆಲಸವಿಲ್ಲ. ಆದ್ದರಿಂದ ಪೈಪು ಜೋಡಿಸಲೇಬೇಕು. ನಿಮ್ಮ ಕೋಣೆಯ ಒಂದು ಬದಿ ತಗ್ಗಿಗೆ ತೆರೆದುಕೊಂಡಿರುವುದು ಅದೃಷ್ಟ. ಯಂತ್ರವನ್ನು ಗಟ್ಟಿಯಾದ ಸ್ಟೂಲಿನ ಮೇಲಿಟ್ಟು, ಎಲ್ಲಿಯೂ ಮೇಲೇರದೆ, ಒಂದೇ ಸಮ ಇಳಿಯುವಂತೆ ಪೈಪನ್ನು ಗೋಡೆಯ ಸಣ್ಣ ರಂಧ್ರದಿಂದ ಹೊರಗೆ ಬಿಡಿ. ಪೈಪಿನ ಸುತ್ತಲಿನ ಸಂದನ್ನು ಮುಚ್ಚಿ, ಹೊರತುದಿಗೆ ಜಿರಳೆ, ಇರುವೆ ಬರದಂತೆ ಜಾಲರಿ ಕಟ್ಟಿ. ಪಂಪ್ ಇರುವ ದುಬಾರಿ ಯಂತ್ರ ನಿಮಗೆ ಬೇಕಿಲ್ಲ.

ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟು ಹೋಗಿ ಬರುವುದು ನಿತ್ಯದ ಸಂಗತಿಯಾದ್ದರಿಂದ, ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿಸಿ. ಹಿಂದಿನ ಸೆಟ್ಟಿಂಗಿನಲ್ಲಿ ತಾನಾಗಿಯೇ ಓಡಲಾರಂಭಿಸುವ ಯಂತ್ರವನ್ನು ಮಾತ್ರ ತೆಗೆದುಕೊಳ್ಳಿ. ಎಷ್ಟೋ ಯಂತ್ರಗಳು ಕರೆಂಟು ಬಂದ ಮೇಲೆ ಯಾರಾದರೂ ಬಂದು ಬಟನ್ ಒತ್ತಲಿ ಎಂದು ಕಾಯುತ್ತವೆ. ನೀವು ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಪುಸ್ತಕಗಳು ಮತ್ತೆ ಹಸಿರಾಗಿರುತ್ತವೆ. ತೇವವಿರುವ ನೆಲದಲ್ಲಿ ವಿದ್ಯುತ್ ಉಪಕರಣ ಇಡುವಾಗ ಅರ್ಥಿಂಗ್ ಸರಿಯಿದೆಯೆಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ, ಆ ಕೋಣೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಬಿಡಬೇಡಿ. ಹೊಸ ಯಂತ್ರಗಳಲ್ಲಿ ಕೆಲವಕ್ಕೆ ಆರ್ 290 ಎಂಬ ಅನಿಲ ತುಂಬಿರುತ್ತಾರೆ. ಅದು ಪ್ರೊಪೇನ್, ಬೆಂಕಿ ಹಿಡಿಯುವಂಥದ್ದು. ಯಂತ್ರದ ಹತ್ತಿರ ದೀಪ, ಅಗ್ಗಿಷ್ಟಿಕೆ ಬೇಡ.

ಖರ್ಚಿನ ಅಂದಾಜು ಹೀಗಿದೆ. ಈ ಗಾತ್ರದ ಯಂತ್ರ ಸುಮಾರು 400 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಮೊದಲ ಒಂದೆರಡು ವಾರ ಗೋಡೆ, ಪುಸ್ತಕಗಳು ಒಣಗುವವರೆಗೆ ಇಡೀ ದಿನ ಓಡಿ 9–10 ಯೂನಿಟ್ ಖರ್ಚಾಗಬಹುದು. ಆಮೇಲೆ ದಿನಕ್ಕೆ ಹನ್ನೆರಡು ಗಂಟೆಯಾದರೂ ತಿಂಗಳಿಗೆ 144 ಯೂನಿಟ್ ಆಗುತ್ತದೆ. ನೀವು ಗೃಹಜ್ಯೋತಿ ಯೋಜನೆಯಲ್ಲಿದ್ದರೆ ಇದನ್ನು ಮುಂಚೆಯೇ ಯೋಚಿಸಬೇಕು, ಏಕೆಂದರೆ ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ಅಲ್ಲ, ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕಾಗುತ್ತದೆ. ಸಂದು ಮುಚ್ಚುವ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೂ ಹೌದು. ಕೆಲವು ನೂರು ರೂಪಾಯಿಯ ರಬ್ಬರ್ ಪಟ್ಟಿ ಯಂತ್ರ ಓಡುವ ಗಂಟೆಗಳನ್ನು ಅರ್ಧಕ್ಕೆ ಇಳಿಸಬಲ್ಲದು.

ಯಂತ್ರದ ಮೇಲೆ ಕಾಣುವ ಆರ್ದ್ರತೆಯ ಅಂಕಿ ಅದರ ಹತ್ತಿರದ ಗಾಳಿಯದು ಮಾತ್ರ. ಆದ್ದರಿಂದ ಬೇರೆ ಒಂದು ಹೈಗ್ರೋಮೀಟರ್ ಕೊಂಡು ದೂರದ ಮೂಲೆಯಲ್ಲಿ, ಪುಸ್ತಕಗಳ ಬಳಿ ಇಡಿ. ಅಗ್ಗದವು ತಪ್ಪು ತೋರಿಸುವುದುಂಟು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಷ್ಟು ಕೆಲವೇ ಹನಿ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಅದು ಶೇ 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಮುಂದೆ ಸೇರಿಸಿಯೋ ಕಳೆದೋ ಓದಿಕೊಳ್ಳಿ. ಯಂತ್ರವನ್ನು ಮೊದಲ ದಿನವೇ 45ಕ್ಕೆ ಇಡಬೇಡಿ. ವರ್ಷಗಟ್ಟಲೆ ತೇವ ಕುಡಿದ ಬೀಟೆಯ ಹಲಗೆ ಅವಸರದಲ್ಲಿ ಒಣಗಿದರೆ ಸೀಳುತ್ತದೆ, ಹಳೆಯ ರಟ್ಟುಗಳು ಸೊಟ್ಟಗಾಗುತ್ತವೆ. 70ರಿಂದ ಆರಂಭಿಸಿ, ಕೆಲವು ದಿನಕ್ಕೊಮ್ಮೆ ಐದೈದು ಇಳಿಸುತ್ತ 55ಕ್ಕೆ ಬಂದು ನಿಲ್ಲಿಸಿ. ಪುಸ್ತಕಗಳ ಮೇಲೆ ಈಗಿರುವ ಬೂಷ್ಟನ್ನು, ಅವು ಒಣಗಿದ ಮೇಲೆ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಯಂತ್ರದ ಗಾಳಿ ಸೋಸುವ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯುವುದನ್ನು ಮರೆಯಬೇಡಿ.

ಪ್ರಶ್ನೆ: ಕುಂದಾಪುರದಲ್ಲಿ ನಮ್ಮ ಮನೆಯ ಕೆಳಗಿನ ಉಗ್ರಾಣಕ್ಕೆ ಮಳೆಗಾಲದಲ್ಲಿ ತುಂಬ ತೇವ. ಪಕ್ಕದ ಕೋಣೆಯಿಂದ ತೆಗೆದ ಹಳೆಯ ಎ.ಸಿ.ಯೊಂದಿದೆ. ಅದನ್ನೇ ಹಾಕಿದರೆ ಡಿಹ್ಯುಮಿಡಿಫೈಯರ್‌ನ ಕೆಲಸ ಆಗುವುದಿಲ್ಲವೇ?
— ಕುಂದಾಪುರದ ಓದುಗರು

ಉತ್ತರ: ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆಗುತ್ತದೆ, ಆಷಾಢದಲ್ಲಿ ಆಗುವುದಿಲ್ಲ. ಎ.ಸಿ. ಗಾಳಿಯ ನೀರನ್ನು ತೆಗೆಯುವುದು ನಿಜ. ಆದರೆ ಬಿಸಿಯನ್ನು ಹೊರಗೆ ಕಳುಹಿಸಿ ಕೋಣೆಯನ್ನು ತಣ್ಣಗೆ ಮಾಡುತ್ತದೆ, ಬೇಕಾದಷ್ಟು ತಣ್ಣಗಾದೊಡನೆ ಕಂಪ್ರೆಸರ್ ನಿಲ್ಲುತ್ತದೆ, ಅಲ್ಲಿಗೆ ನೀರು ತೆಗೆಯುವುದೂ ನಿಲ್ಲುತ್ತದೆ. ತಣ್ಣಗಾದ ಗೋಡೆ, ಸಾಮಾನುಗಳ ಮೇಲೆ ಬಾಗಿಲು ತೆರೆದಾಗ ನುಗ್ಗುವ ಹೊರಗಿನ ಗಾಳಿ ಹನಿಗಟ್ಟುತ್ತದೆ. ತೇವದ ಕೋಣೆಗೆ ಬೇಕಾದದ್ದು ತುಸು ಬೆಚ್ಚಗಿರುವ ಒಣಗಾಳಿ. ನಮ್ಮ ಅಜ್ಜಿಯ ಕಾಲದಲ್ಲಿ ಬೀಜ, ಉಪ್ಪು, ಕಡತ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಇದೇ ಕಾರಣಕ್ಕೆ: 20 ಡಿಗ್ರಿಯಲ್ಲಿ ಶೇ 95 ಆರ್ದ್ರತೆ ಇರುವ ಗಾಳಿಯನ್ನು 25 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಒಂದು ಹನಿ ನೀರು ತೆಗೆಯದೆಯೂ ಆರ್ದ್ರತೆ ಶೇ 70ರ ಹತ್ತಿರಕ್ಕೆ ಇಳಿಯುತ್ತದೆ. ಉಗ್ರಾಣ ಚಿಕ್ಕದಾಗಿದ್ದರೆ ಡಿಹ್ಯುಮಿಡಿಫೈಯರ್‌ನ ಹಣವನ್ನೂ ಉಳಿಸಿ, ಸಾಮಾನುಗಳನ್ನು ಬಿಗಿ ಮುಚ್ಚಳದ ಡ್ರಮ್ಮುಗಳಿಗೆ ತುಂಬಿಡುವುದೇ ಒಳ್ಳೆಯದು ಎಂದು ನನಗೆ ತೋರುತ್ತದೆ.

ಪ್ರಶ್ನೆ: ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಈಚೆಗೆ ಬೇಸ್‌ಮೆಂಟ್ ಇರುವ ಹಳೆಯ ಮನೆ ಕೊಂಡೆವು. ಹಿಂದಿನವರು ಬಿಟ್ಟುಹೋದ ಡಿಹ್ಯುಮಿಡಿಫೈಯರ್ ಮೇಲೆ 70 ಪಿಂಟ್ ಎಂದಿದೆ. ಈಗ ಅಂಗಡಿಗಳಲ್ಲಿ ದೊಡ್ಡದೆಂದರೆ 50 ಪಿಂಟ್ ತೋರಿಸುತ್ತಾರೆ. ಹಳೆಯದನ್ನೇ ಇಟ್ಟುಕೊಳ್ಳುವುದು ಲಾಭವಲ್ಲವೇ?
— ಇಲಿನಾಯ್‌ನಿಂದ ಕನ್ನಡಿಗರೊಬ್ಬರು

ಉತ್ತರ: ಸಂಖ್ಯೆ ಕುಗ್ಗಿದೆಯೇ ಹೊರತು ಸಾಮರ್ಥ್ಯವಲ್ಲ. ಅಲ್ಲಿ ಮೊದಲು ಈ ಯಂತ್ರಗಳನ್ನು 80 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಅಳೆಯುತ್ತಿದ್ದರು. ಬೇಸ್‌ಮೆಂಟುಗಳು ಅಷ್ಟು ಬೆಚ್ಚಗಿರುವುದಿಲ್ಲ ಎಂಬ ಕಾರಣಕ್ಕೆ 2019ರಿಂದ ಅಳತೆಯನ್ನು 65 ಡಿಗ್ರಿಗೆ ಬದಲಾಯಿಸಿದರು. ಹಳೆಯ 70 ಪಿಂಟ್ ಹೆಚ್ಚುಕಡಿಮೆ ಇಂದಿನ 50 ಪಿಂಟ್‌ಗೆ, ಅಂದರೆ ದಿನಕ್ಕೆ ಸುಮಾರು 24 ಲೀಟರಿಗೆ ಸಮ. ಹಳೆಯ ಯಂತ್ರವನ್ನು ಚಾಲೂ ಮಾಡುವ ಮೊದಲು ಅದರ ಮಾದರಿ ಸಂಖ್ಯೆಯನ್ನು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ವಾಪಸಾತಿ ಪಟ್ಟಿಯಲ್ಲಿ ದಯವಿಟ್ಟು ಹುಡುಕಿ. ಬೆಂಕಿ ಹೊತ್ತಿಕೊಳ್ಳುವ ದೋಷದಿಂದಾಗಿ 2013ರಲ್ಲಿ ಲಕ್ಷಾಂತರ ಡಿಹ್ಯುಮಿಡಿಫೈಯರ್‌ಗಳನ್ನು ಹಿಂದಕ್ಕೆ ಕರೆಯಲಾಗಿತ್ತು. ಪಟ್ಟಿಯಲ್ಲಿದ್ದರೆ ಪ್ಲಗ್ ಕಿತ್ತಿಡಿ, ಯಾರಿಗೂ ದಾನ ಕೊಡಬೇಡಿ.

ನೀರನ್ನು ನೆಲದ ಡ್ರೈನ್‌ಗೆ ಅಥವಾ ಸಂಪ್ ಪಂಪ್ ಇರುವ ಗುಂಡಿಗೆ ಬಿಡಬಹುದು. ಅಲ್ಲಿ ಯಂತ್ರ ಬೇಕಾಗುವುದು ಬೇಸಿಗೆಯಲ್ಲಿ. ಹೊರಗಿನ ಬೆಚ್ಚನೆಯ ಗಾಳಿ ತಣ್ಣನೆಯ ಕಾಂಕ್ರೀಟಿಗೆ ತಾಗಿ ಬೆವರುವುದರಿಂದ, ಆ ತಿಂಗಳುಗಳಲ್ಲಿ ಬೇಸ್‌ಮೆಂಟಿನ ಕಿಟಕಿ ತೆರೆಯಬೇಡಿ. ಚಳಿಗಾಲದಲ್ಲಿ ಒಳಗಿನ ಗಾಳಿ ತಾನೇ ಒಣಗಿರುತ್ತದೆ. ಇನ್ನೊಂದು ಮಾತು: ನೆಲದಿಂದ ಬರುವ, ವಿಕಿರಣ ಸೂಸುವ ರೇಡಾನ್ ಅನಿಲಕ್ಕೆ ಈ ಯಂತ್ರ ಪರಿಹಾರವಲ್ಲ. ಅದನ್ನು ಬೇರೆಯಾಗಿಯೇ ಅಳೆಯಿಸಿ. ಒಂದು ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಹೆಚ್ಚು ಬಂದರೆ ಸರಿಪಡಿಸಿಕೊಳ್ಳಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ.

ಪ್ರಶ್ನೆ: ಡಿಹ್ಯುಮಿಡಿಫೈಯರ್‌ನಲ್ಲಿ ಸಂಗ್ರಹವಾಗುವ ನೀರು ಭಟ್ಟಿ ಇಳಿಸಿದ ನೀರಿನಷ್ಟೇ ಶುದ್ಧವಲ್ಲವೇ? ಕುಡಿಯಬಹುದೇ, ಇನ್ವರ್ಟರ್ ಬ್ಯಾಟರಿಗೆ ಹಾಕಬಹುದೇ?
— ಶಿರಸಿಯ ಓದುಗರು

ಉತ್ತರ: ಎರಡೂ ಬೇಡ. ಹನಿಯಾಗುವ ಕ್ಷಣದಲ್ಲಿ ಅದು ಶುದ್ಧವೇ, ಆದರೆ ಲೋಹದ ಸುರುಳಿಯ ಮೇಲೆ ಇಳಿದು, ಗಾಳಿಯ ಧೂಳನ್ನೂ ಬೂಷ್ಟಿನ ಬೀಜಾಣುಗಳನ್ನೂ ತೊಳೆದುಕೊಂಡು, ತೊಟ್ಟಿಯಲ್ಲಿ ನಿಂತು ಲೋಳೆ ಕಟ್ಟುತ್ತದೆ. ಬ್ಯಾಟರಿಗೆ ಲೋಹದ ಅಂಶ ಸೇರಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ನೆಲ ಒರೆಸಲು, ಶೌಚಕ್ಕೆ, ಹೂವಿನ ಗಿಡಗಳಿಗೆ ಧಾರಾಳವಾಗಿ ಬಳಸಿ. ತೊಟ್ಟಿಯನ್ನು ವಾರಕ್ಕೊಮ್ಮೆ ಸೋಪು ಹಾಕಿ ಉಜ್ಜಿ, ಒಣಗಿಸಿ ಜೋಡಿಸಿ.